ಕಲ್ಲಿನ ಮೇಲಿನ ಕೆಂಪು ಹನಿ

"ಸ್ವಲ್ಪ ನೀರು ಸಿಗುತ್ತಾ?"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳ ಕೈಲಿದ್ದ ಉಳಿ ಜಾರಿತು. ಅರ್ಧ ಕೆತ್ತಿದ್ದ ಅಕ್ಷರದ ಕೊಂಬು ಮುರಿದು, ಚೂರು ಹಾರಿ ನೆಲಕ್ಕೆ ಬಿತ್ತು.

ಅವಳು ತಕ್ಷಣ ತಿರುಗಲಿಲ್ಲ. ಬಂದವನ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಆದರೆ ದನಿ ಗೊತ್ತಿತ್ತು... ಚೆನ್ನಾಗಿಯೇ ಗೊತ್ತಿತ್ತು. ಮೂರು ವಾರದ ಹಿಂದೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು, ಅಜ್ಜಿಯ ಪಕ್ಕದಲ್ಲಿ ಕೂತು ಇದೇ ದನಿಯನ್ನು ಒಂದು ಗಂಟೆ ಕೇಳಿದ್ದಳು. ‘ಆ ಕಾಂಪೌಂಡರ್ ಆಮೇಲೆ ಹುಚ್ಚು ಹಿಡಿದು ಸತ್ತನಂತೆ’ ಎಂದು ಅದು ನಗುತ್ತಾ ಹೇಳಿತ್ತು.

ಆ ಕಾಂಪೌಂಡರ್ ಅವಳ ತಾತ.

ತಿರುಗಿ ನೋಡಿದಳು. ಮೂವತ್ತರ ಆಸುಪಾಸಿನವನು. ಹೆಗಲಲ್ಲಿ ಚೀಲ, ಧೂಳು ಮೆತ್ತಿದ ಬೂಟು, ನಿದ್ದೆಗೆಟ್ಟ ಕಣ್ಣು. ಅಷ್ಟು ಗತ್ತಿನ ದನಿಯ ಹಿಂದೆ ಇಷ್ಟು ಸಪ್ಪೆ ಮುಖವಿದ್ದೀತೆಂದು ಅವಳು ಎಣಿಸಿರಲಿಲ್ಲ.

"‘ಕತ್ತಲೆ ಕಟ್ಟೆ’ ಪಾಡ್‌ಕಾಸ್ಟ್‌ನವರಲ್ವಾ ನೀವು?"

ಗುರುತು ಹಿಡಿದರಲ್ಲ ಎಂಬ ಖುಷಿ ಅವನ ಮುಖದಲ್ಲಿ ಒಂದು ಕ್ಷಣ ಮಿಂಚಿತು. "ಹೌದು. ನೀವು ಕೇಳ್ತೀರಾ?"

"ಒಂದೇ ಸಲ ಕೇಳಿದ್ದು. ನಮ್ಮ ತಾತಂಗೆ ಹುಚ್ಚು ಹಿಡಿದಿತ್ತು ಅಂತ ನಂಗೆ ಅವತ್ತೇ ಗೊತ್ತಾಗಿದ್ದು."

ಅವನ ಮುಖದ ಖುಷಿ ಇಂಗಿಹೋಯಿತು. ಅವಳು ಮೂಲೆಯ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಹಿಡಿದಳು. ಬಾಯಾರಿ ಬಂದವರಿಗೆ ಇಲ್ಲವೆನ್ನಬಾರದು ಎಂದು ಬೆಳೆದವಳು. ಅಷ್ಟೇ... ಅದಕ್ಕಿಂತ ಹೆಚ್ಚಿನ ಮರ್ಯಾದೆ ಅವನಿಗೆ ಬೇಕಿಲ್ಲ ಎಂದುಕೊಂಡಳು.

ಸಮಾಧಿ ಕಲ್ಲುಗಳಿಗೆ ಹೆಸರು ಕೆತ್ತುವುದು ಅವಳ ಕಸುಬು. ಹಳೇ ಸ್ಮಶಾನದ ಗೇಟಿಗೆ ಅಂಟಿಕೊಂಡಂತೆ ಅವಳ ತಗಡಿನ ಶೆಡ್ಡು, ಶೆಡ್ಡಿನ ಹಿಂದೆ ಅವಳೂ ಅಜ್ಜಿಯೂ ಇರುವ ಎರಡು ಕೋಣೆಯ ಮನೆ.

ಆ ಸ್ಮಶಾನದ ನಟ್ಟನಡುವೆ ಒಂದು ದೊಡ್ಡ ಮರ, ಅದರ ಕೆಳಗೊಂದು ಬಿಳಿಯ ಕಲ್ಲು. ಅರವತ್ತು ವರ್ಷದ ಹಿಂದೆ, ಬಟ್ಟೆ ಹೊಲಿದು ಬದುಕುತ್ತಿದ್ದ ಇಪ್ಪತ್ತೆರಡರ ಹುಡುಗಿಯೊಬ್ಬಳು ಕೆಮ್ಮಿ ಕೆಮ್ಮಿ, ರಕ್ತ ಕಾರಿ ಸತ್ತಳು. ಅವಳನ್ನು ಅಲ್ಲಿ ಹೂಳಿದರು. ಆರು ತಿಂಗಳಲ್ಲಿ ಅದೇ ಬೀದಿಯ ಇನ್ನಿಬ್ಬರು ಹಾಗೆಯೇ ರಕ್ತ ಕಾರಿದರು. ಆಮೇಲೊಂದು ಬೆಳಿಗ್ಗೆ ಅವಳ ಕಲ್ಲಿನ ಮೇಲೆ ಕೆಂಪು ಹನಿಗಳು ಕಂಡವು. ಒಂದೆರಡಲ್ಲ, ನೂರಾರು. ‘ಅವಳು ರಕ್ತಪಿಶಾಚಿಯಾಗಿದ್ದಾಳೆ, ಕುಡಿದು ಬಂದು ಕಲ್ಲಿಗೆ ಬಾಯಿ ಒರೆಸಿದ್ದಾಳೆ’ ಎಂದು ಸುದ್ದಿ ಹಬ್ಬಿತು. ಹೆಣ ಹೊರಗೆ ತೆಗೆದು ಸುಡಬೇಕೆಂದು ಗುದ್ದಲಿ ಹಿಡಿದು ಹೊರಟವರಿಗೆ ಹುಡುಗಿಯ ತಾಯಿ ಅಡ್ಡ ಬಿದ್ದು ಅತ್ತಳು.

ಆ ತಾಯಿಯ ಪರವಾಗಿ ನಿಂತವರು ಇಬ್ಬರೇ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಇಪ್ಪತ್ಮೂರರ ಟೀಚರ್, ಆಸ್ಪತ್ರೆಯ ಕಾಂಪೌಂಡರ್. ಮಣ್ಣು ಮುಟ್ಟಬೇಡಿ, ಮೊದಲು ನಾವು ನೋಡುತ್ತೇವೆ ಎಂದು ಅವರು ಗಡುವು ಕೇಳಿದರು. ಬೀದಿಯ ಎಲ್ಲರ ಎದೆ ಪರೀಕ್ಷೆ ಮಾಡಿಸಿದಾಗ ಐವರಲ್ಲಿ ಕ್ಷಯ ಕಂಡಿತು, ಮದ್ದು ಕೊಡಿಸಿದರು. ಕಲ್ಲಿನ ಪಕ್ಕ ಹತ್ತೊಂಬತ್ತು ಬೆಳಿಗ್ಗೆ ಕೂತು ಹನಿಗಳ ಗುಟ್ಟನ್ನೂ ಕಂಡುಕೊಂಡರು. ಹುಡುಗಿಯ ಹೆಣ ಮಣ್ಣಿನಲ್ಲಿ ನೆಮ್ಮದಿಯಾಗಿ ಉಳಿಯಿತು. ಟೀಚರೂ ಕಾಂಪೌಂಡರೂ ಮದುವೆಯಾದರು.

‘ಕತ್ತಲೆ ಕಟ್ಟೆ’ ಹೇಳಿದ ಕಥೆಯೇ ಬೇರೆ. ಅದರಲ್ಲಿ ಆ ಇಬ್ಬರು ಗೋರಿ ಅಗೆದು ಹೆಣದ ಎದೆಗೆ ಗೂಟ ಹೊಡೆದರು, ಅವನಿಗೆ ಹುಚ್ಚು ಹಿಡಿಯಿತು, ಅವಳು ಸುಳ್ಳು ವರದಿ ಬರೆದು ಎಲ್ಲ ಮುಚ್ಚಿಹಾಕಿದಳು. ಕೇಳಿದ ಜನ ಫೋನು ಹಿಡಿದು ಹಿಂಡು ಹಿಂಡಾಗಿ ಬಂದರು. ಕಲ್ಲನ್ನು ಎತ್ತಿ ನೋಡಲು ಹೋಗಿ ಎರಡು ಹೋಳು ಮಾಡಿದರು. ಈ ಗಲಾಟೆಯೇ ಬೇಡವೆಂದು ಸ್ಮಶಾನ ಸಮಿತಿಯವರು ಮರ ಕಡಿಸಿ, ಕಲ್ಲು ತೆಗೆಸಿ, ಜಾಗ ಸಮ ಮಾಡಿಸಲು ಹೊರಟಿದ್ದರು. ಇನ್ನು ಹನ್ನೆರಡು ದಿನಕ್ಕೆ ಮರ ಕಡಿಯುವವರು ಬರುವವರಿದ್ದರು.

ಮುರಿದ ಕಲ್ಲಿನ ಫೋಟೋವನ್ನು ಯಾರೋ ಕಳಿಸಿದ್ದರಂತೆ. ಎರಡು ದಿನ ನಿದ್ದೆ ಬರಲಿಲ್ಲ, ಅದಕ್ಕೇ ಬಂದೆ ಎಂದ ನಿರೂಪಕ.

ಅವಳು ಅವನನ್ನು ಅಜ್ಜಿಯ ಮುಂದೆ ನಿಲ್ಲಿಸಿದಳು. ಅಜ್ಜಿ ಪೇಪರಿನ ಪದಬಂಧ ತುಂಬುತ್ತಿದ್ದವಳು ಕನ್ನಡಕದ ಮೇಲಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕಥೆ ಎಲ್ಲಿಂದ ತಂದೆಯಪ್ಪ?"

ನೆಟ್‌ನಲ್ಲಿ ಎಲ್ಲೋ ಓದಿದ್ದು, ಅವತ್ತೇ ಹಾಕಬೇಕಿತ್ತು, ನಲವತ್ತು ನಿಮಿಷದಲ್ಲಿ ಸಿದ್ಧ ಮಾಡಿದೆವು ಎಂದ. ಆಮೇಲೆ ತಲೆ ತಗ್ಗಿಸಿ, "ನೀವು ಯಾರೂ ಬದುಕಿಲ್ಲ ಅಂದ್ಕೊಂಡಿದ್ದೆ" ಎಂದ.

"ಪಾಠ ಓದದೆ ಪರೀಕ್ಷೆ ಬರೆದಿದ್ದೀಯ."

ಅವನು ಕ್ಷಮೆ ಕೇಳಿದ. ನೀವು ನಿಜವಾಗಿ ಕಂಡದ್ದೇನೆಂದು ಹೇಳಿ, ನಾನು ಎಲ್ಲರಿಗೂ ತಿಳಿಸುತ್ತೇನೆ ಎಂದ. ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು.

"ನಾನು ಹೇಳಲ್ಲ. ಹೇಳಿದ್ರೆ ಅದಕ್ಕೂ ಒಂದಿಷ್ಟು ಸೇರಿಸ್ತೀಯ. ಇದೇ ಕಾಲದಲ್ಲೇ ನಾವು ಅಲ್ಲಿ ಕೂತಿದ್ದು. ನೀನೂ ಹೋಗಿ ಕೂತ್ಕೋ."

ಕಲ್ಲು ಒಡೆದ ಮೇಲೆ ಸ್ಮಶಾನದ ಗೇಟಿಗೆ ಬೀಗ ಬಿದ್ದಿತ್ತು, ಅದರ ಕೈ ಮೊಮ್ಮಗಳ ಬಳಿಯಿತ್ತು. ಹಾಗಾಗಿ, ಇಷ್ಟವಿರಲಿ ಬಿಡಲಿ, ಅವನ ಜೊತೆ ಅವಳೂ ಕೂರಬೇಕಾಯಿತು.

ಮೊದಲ ಮೂರು ದಿನ ಇಬ್ಬರ ನಡುವೆ ಮಾತೇ ಇಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಅವನು ಬರುತ್ತಿದ್ದ, ಅವಳು ಬೀಗ ತೆಗೆಯುತ್ತಿದ್ದಳು. ಮರದ ಕೊಂಬೆಗಳ ತುಂಬ ಒಣ ಎಲೆಗಳಂಥವು ತಲೆಕೆಳಗಾಗಿ ನೇತಾಡುತ್ತಿದ್ದವು. ಅವನು ಅವುಗಳನ್ನು ಎರಡನೇ ಸಲ ನೋಡಲಿಲ್ಲ. ಅವಳಿಗೆ ಅವು ಏನೆಂದು ಗೊತ್ತಿತ್ತು, ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅವುಗಳಿಂದ ಏನಾಗುತ್ತದೆಂದು ಅವಳೂ ಕೇಳಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಎಷ್ಟೋ ವರ್ಷಗಳಿಂದ ಆ ಮರದಲ್ಲಿ ಅವು ಬೆರಳೆಣಿಕೆಯಷ್ಟೇ ಕಾಣುತ್ತಿದ್ದವು. ಈ ಸಲ ಮಾತ್ರ ಕೊಂಬೆಗೆ ಕೊಂಬೆಯೇ ತೂಗುತ್ತಿತ್ತು.

ನಾಲ್ಕನೇ ದಿನ ಅವಳು ಒಡೆದ ಕಲ್ಲನ್ನು ಜೋಡಿಸಲು ಕೂತಳು. ಎರಡು ಹೋಳನ್ನು ಒಬ್ಬಳೇ ಒತ್ತಿ ಹಿಡಿಯಲಾಗದೆ ಒದ್ದಾಡುವಾಗ ಅವನು ಕೇಳದೆಯೇ ಬಂದು ಹಿಡಿದ. ಕಲ್ಲಿನ ಪುಡಿಯ ಅಂಟು ಬಿಗಿಯುವವರೆಗೆ ಅರ್ಧ ಗಂಟೆ ಕೈ ಅಲುಗಿಸಲಿಲ್ಲ.

"ಸಾಕು, ಬಿಡಿ" ಎಂದಳು.

"ನೀವು ಆಯ್ತು ಅನ್ನೋವರೆಗೆ ಬಿಡಲ್ಲ."

‘ಹೊಟ್ಟೆಪಾಡಿಗೆ ಸುಳ್ಳು ಹೇಳುವವನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?’ ಅವಳಿಗೆ ಅಚ್ಚರಿ. ಆಮೇಲೆ ದಿನಕ್ಕಿಷ್ಟು ಮಾತು ಬೆಳೆಯಿತು. ಕಲ್ಲಿನ ಮೇಲೆ ತಪ್ಪಾದರೆ ಏನು ಮಾಡುತ್ತೀರಿ ಎಂದು ಅವನು ಕೇಳಿದ. ತಪ್ಪು ಮಾಡದ ಹಾಗೆ ಕೆತ್ತುತ್ತೇವೆ, ಅದಕ್ಕೇ ದಿನಕ್ಕೆ ಒಂಬತ್ತೇ ಅಕ್ಷರ ಎಂದಳು. ಅವನಿಗೆ ನಗು ಬರಲಿಲ್ಲ. ಸತ್ತ ಹುಡುಗಿಯ ವಯಸ್ಸನ್ನು ಕಲ್ಲಿನ ಮೇಲೆ ಬೆರಳಿಟ್ಟು ಓದಿದ ದಿನ ಅವನು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ತನ್ನ ತಂಗಿಗೂ ಈಗ ಅಷ್ಟೇ ವಯಸ್ಸು ಎಂದ.

ಆರನೇ ದಿನ ಅವನು ಬರುವ ಮೊದಲೇ ಅವಳು ಗೇಟಿನ ಬಳಿ ನಿಂತಿದ್ದಳು. ಕೂದಲಿನ ಕಲ್ಲುಧೂಳನ್ನು ಒರೆಸಿಕೊಂಡಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲು ಹೆದರಿದಳು.

ಏಳನೇ ದಿನ ಎಲ್ಲ ಮಣ್ಣುಪಾಲಾಯಿತು.

ಅವಳ ಫೋನಿಗೆ ಯಾರೋ ಕಳಿಸಿದ್ದರು. ‘ಕತ್ತಲೆ ಕಟ್ಟೆ’ಯ ಹೊಸ ಪ್ರಕಟಣೆ. ‘ರಕ್ತಪಿಶಾಚಿ, ಭಾಗ ಎರಡು. ನಮ್ಮ ನಿರೂಪಕ ಗೋರಿಯ ಪಕ್ಕ ಏಳು ದಿನ!’ ಕೆಳಗೆ, ಮರದಡಿ ಕೂತ ಅವನ ಫೋಟೋ. ಫೋಟೋದ ಅಂಚಿನಲ್ಲಿ ಅವಳದೇ ಕೈ, ಕೈಯಲ್ಲಿ ಉಳಿ.

‘ಹಾಗಾದರೆ ಕಲ್ಲು ಹಿಡಿದದ್ದು, ತಂಗಿಯ ಮಾತು... ಎಲ್ಲ ಇದಕ್ಕಾ?’

ಅವನು ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಸರಳುಗಳ ಆಚೆಯಿಂದ ಅವನು ಏನೋ ಹೇಳಲು ಹೊರಟ. ಅವಳು ಬಿಡಲಿಲ್ಲ.

"ಮೊದಲ ಸಲ ನೀವು ನಮ್ಮನ್ನ ನೋಡದೆ ಸುಳ್ಳು ಹೇಳಿದ್ರಿ. ಈಗ ನೋಡಿಕೊಂಡೇ ಹೇಳ್ತಿದ್ದೀರಿ. ಹೋಗಿ ಇಲ್ಲಿಂದ."

ಶೆಡ್ಡಿಗೆ ಬಂದು ಉಳಿ ಹಿಡಿದಳು. ಅಂದು ಒಂದಕ್ಷರವೂ ಏಳಲಿಲ್ಲ. ಅಜ್ಜಿ ಮೊಮ್ಮಗಳ ತಲೆ ಸವರಿ ಒಳಗೆ ಹೋದಳು.

ಎಂಟನೇ ಬೆಳಿಗ್ಗೆ ಅವಳು ಒಬ್ಬಳೇ ಕೂತಳು. ಒಂಬತ್ತನೆಯದೂ ಒಬ್ಬಳೇ.

ಅಂದು ಗಾಳಿ ಎಳ್ಳಷ್ಟೂ ಇರಲಿಲ್ಲ. ಎಳೆ ಬಿಸಿಲು ಮರದ ನೆತ್ತಿಯಿಂದ ಕೆಳಗಿಳಿಯಿತು. ಆಗ ಅವಳ ಕಣ್ಣೆದುರಿನ ಒಣ ಎಲೆಯೊಂದು ಅಲುಗಿತು. ಅಲುಗಿ, ಬೆನ್ನಿನ ಉದ್ದಕ್ಕೂ ಸೀಳಿತು. ಸೀಳಿನಿಂದ ಒದ್ದೆಯಾದ, ಮುದುಡಿದ, ಏನೆಂದು ಹೇಳಲಾಗದ ಒಂದು ಪುಟ್ಟ ಜೀವ ಹೊರಗೆ ಜಾರಿ, ತನ್ನದೇ ಗೂಡಿಗೆ ಕಾಲು ಕೊಟ್ಟು ತೂಗಿತು. ಮುದುಡಿದ್ದು ನಿಧಾನವಾಗಿ ಬಿಚ್ಚಿಕೊಂಡಿತು. ರೆಕ್ಕೆ! ಅಂಗೈಯಗಲ, ಬಿಸಿಲಿನ ಬಣ್ಣದ ರೆಕ್ಕೆ.

ಆ ಚಿಟ್ಟೆಯ ಮೈಯಿಂದ ಒಂದು ಹನಿ ಜಾರಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕೆಂಪು. ರಕ್ತದಷ್ಟೇ ಕೆಂಪು.

ತಲೆಯೆತ್ತಿದಳು. ಒಂದಲ್ಲ, ಹತ್ತಲ್ಲ... ಇಡೀ ಮರ ಸೀಳುತ್ತಿತ್ತು. ಸಾವಿರಾರು ಗೂಡುಗಳು ಒಟ್ಟಿಗೆ ಬಿರಿಯುವ ಸದ್ದು, ಒಣ ಕಾಗದವನ್ನು ಯಾರೋ ಮೆಲ್ಲಗೆ ಮಡಿಸುತ್ತಿರುವ ಹಾಗೆ. ಪ್ರತಿ ಚಿಟ್ಟೆಯೂ ರೆಕ್ಕೆ ಬಿಚ್ಚುವಾಗ, ಗೂಡಿನಲ್ಲಿದ್ದಾಗ ಮೈಯಲ್ಲಿ ಉಳಿದ ಕಲ್ಮಶವನ್ನು ಒಂದು ಕೆಂಪು ಹನಿಯಾಗಿ ಬಿಟ್ಟುಕೊಡುತ್ತಿತ್ತು. ಬಿಳಿಯ ಕಲ್ಲಿನ ಮೇಲೆ ಟಪ್, ಟಪ್, ಟಪ್... ಊರೆಲ್ಲ ಹೆದರಿ ನಡುಗಿದ ರಕ್ತ ಇದೇ. ಇದನ್ನು ನೋಡಲೆಂದೇ ಅಜ್ಜಿ, ತಾತ ಹತ್ತೊಂಬತ್ತು ಬೆಳಿಗ್ಗೆ ಇಲ್ಲಿ ಕಾದಿದ್ದರು.

ಅವಳ ಕಣ್ಣು ತುಂಬಿ ಬಂತು. ಇದು ಒಬ್ಬರೇ ನೋಡುವಂಥದ್ದಲ್ಲ ಎಂದು ಮನಸ್ಸು ಕೂಗಿತು. ಸಿಟ್ಟು, ಮಾನ, ಬೀಗ ಯಾವುದೂ ನೆನಪಿಗೆ ಬರಲಿಲ್ಲ. ಗೇಟಿನತ್ತ ಓಡಿದಳು.

ಅವನು ಎದುರಿನ ಮೋರಿ ಕಟ್ಟೆಯ ಮೇಲೆ ಕೂತಿದ್ದ. ಎರಡು ದಿನದಿಂದಲೂ ಬೆಳಿಗ್ಗೆ ಬಂದು ಅಲ್ಲೇ ಕೂರುತ್ತಿದ್ದ.

"ಬನ್ನಿ" ಎಂದಳು. ಅಷ್ಟೇ ಹೇಳಲಾಯಿತು.

ಮರದ ಕೆಳಗೆ ಬಂದು ನಿಂತವನ ಬಾಯಿಂದ ಮಾತು ಹೊರಡಲಿಲ್ಲ. ಮಾತನ್ನೇ ನಂಬಿ ಬದುಕಿದವನು ಅವನು! ಹೆಗಲ ಚೀಲದಲ್ಲಿ ರೆಕಾರ್ಡರ್ ಇತ್ತು, ಕೈ ಅದರತ್ತ ಹೋಗಲಿಲ್ಲ. ಹನಿಗಳು ಅವನ ಕೂದಲಿಗೆ, ಹಣೆಗೆ, ಭುಜಕ್ಕೆ ಬಿದ್ದವು. ಅವನು ಒರೆಸಿಕೊಳ್ಳಲಿಲ್ಲ. ಮೊಣಕಾಲೂರಿ ಕಲ್ಲಿನ ಪಕ್ಕ ಕೂತು, ಅಂಗೈಯನ್ನು ಆ ಹುಡುಗಿಯ ಹೆಸರಿನ ಮೇಲಿಟ್ಟ.

"ತಪ್ಪಾಯ್ತು ತಾಯಿ" ಎಂದ. ಅವಳಿಗಲ್ಲ, ಕಲ್ಲಿಗೆ.

ಆ ಮಾತು ಕೇಳಿ ಅವಳು ಅವನ ಪಕ್ಕ ಕೂತಳು. ಅವನು ಆಮೇಲೆ ಎಲ್ಲ ಹೇಳಿದ. ಕಾರ್ಯಕ್ರಮದ ಪಾಲುದಾರ ಗೆಳೆಯನಿಗೆ ಆ ಫೋಟೋ ಕಳಿಸಿದ್ದು ತಾನೇ. ಇಲ್ಲಿ ನಿಜವಾದ ಜನ ಇದ್ದಾರೆ, ಹಳೆಯದನ್ನು ತೆಗೆದುಹಾಕೋಣ ಎಂದು ಬರೆದು ಕಳಿಸಿದ್ದ. ಗೆಳೆಯ ಫೋಟೋ ಇಟ್ಟುಕೊಂಡು, ಬರೆದ ಮಾತನ್ನು ಕೈಬಿಟ್ಟ. ಜಗಳವಾಗಿ ಇಬ್ಬರೂ ಬೇರೆಯಾಗಿದ್ದರು.

"ಕೇಳದೆ ನಿಮ್ಮ ಕೈ ಫೋಟೋ ತೆಗೆದಿದ್ದು ಮಾತ್ರ ನಂದೇ ತಪ್ಪು" ಎಂದ.

ಅಷ್ಟರಲ್ಲಿ, ಮನೆಯ ಕಿಟಕಿಯಿಂದಲೇ ಮರವನ್ನು ಕಂಡಿದ್ದ ಅಜ್ಜಿ ಕೋಲೂರಿಕೊಂಡು ಬಂದಳು. ಹಿಂದೆಯೇ ಸಮಿತಿಯ ಅಧ್ಯಕ್ಷರು, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ. ಅವರು ಅಜ್ಜಿಯ ಹಳೇ ಶಿಷ್ಯ. ಟೀಚರ್ ಫೋನಿನಲ್ಲಿ ಕರೆದರೆಂದು ಅರ್ಧ ಗಡ್ಡ ಬೋಳಿಸಿಕೊಂಡೇ ಬಂದಿದ್ದರು. ಮರದಡಿ ನಿಂತು ಬಾಯಿ ತೆರೆದವರು ಮುಚ್ಚಲೇ ಇಲ್ಲ. ಅಂಗಿಯ ಮೇಲೆ ಕೆಂಪು ಚುಕ್ಕೆಗಳು ಮೂಡತೊಡಗಿದವು.

"ಏಳನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ದೆ. ನೀನು ಕಿಟಕಿ ಆಚೆ ನೋಡ್ತಿದ್ದೆ" ಎಂದಳು ಅಜ್ಜಿ. ಆಮೇಲೆ ಮರದತ್ತ ಮುಖವೆತ್ತಿ ನಿಂತಳು. ಅವಳ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಖಾಲಿಯಿತ್ತು. ಮೊಮ್ಮಗಳು ಅಲ್ಲಿ ಹೋಗಿ ನಿಲ್ಲಲಿಲ್ಲ. ಅದು ತಾತನ ಜಾಗ.

ಬಿಸಿಲೇರಿದಾಗ ರೆಕ್ಕೆಗಳು ಒಣಗಿದವು. ಮೊದಲು ಒಂದು ಹಾರಿತು, ಆಮೇಲೆ ಮರವೇ ಎದ್ದು ಹೊರಟಿತೇನೋ ಎಂಬಂತೆ ಆಕಾಶ ತುಂಬಿತು. ನಾಲ್ವರೂ ಕತ್ತು ನೋಯುವವರೆಗೆ ನೋಡಿದರು.

ಮರ ಕಡಿಯುವವರು ಬರಲಿಲ್ಲ. ನಿರೂಪಕ ಹೊಸದಾಗಿ, ತನ್ನೊಬ್ಬನ ಹೆಸರಲ್ಲಿ, ಹದಿನೇಳು ನಿಮಿಷ ಮಾತಾಡಿದ. ಹಿನ್ನೆಲೆ ಸಂಗೀತವಿಲ್ಲ, ನಗುವಿಲ್ಲ. ತಾನು ಹೇಳಿದ ಸುಳ್ಳುಗಳನ್ನು ಮೊದಲು ಒಪ್ಪಿಕೊಂಡ. ಆಮೇಲೆ ಟೀಚರ್ ಮತ್ತು ಕಾಂಪೌಂಡರ್ ಮಾಡಿದ ಕೆಲಸವನ್ನು ಅಜ್ಜಿಯ ಬಾಯಲ್ಲೇ ಹೇಳಿಸಿದ. ಮೊದಲ ಕಥೆ ಕೇಳಿದವರಲ್ಲಿ ಕಾಲು ಭಾಗವೂ ಇದನ್ನು ಕೇಳಲಿಲ್ಲ. ಕೇಳಿದವರಲ್ಲಿ ಕೆಲವರು ಬಂದರು, ಚಪ್ಪಲಿ ಗೇಟಿನಲ್ಲೇ ಬಿಟ್ಟು ಮೆಲ್ಲಗೆ ನಡೆದು ನೋಡಿ ಹೋದರು.

ಕಲ್ಲನ್ನು ಮತ್ತೆ ನೆಟ್ಟಾಯಿತು. ಇನ್ನು ಅವನು ಬರಲು ನೆಪವಿರಲಿಲ್ಲ. ಮಾರನೇ ದಿನ ಅವಳು ಕೆಲಸದ ನಡುವೆ ಹತ್ತು ಸಲ ಬಾಗಿಲತ್ತ ನೋಡಿದಳು. ‘ಬರಲ್ಲ. ಯಾಕೆ ಬರಬೇಕು?’

ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತಿದ್ದ. ಕೈ ಖಾಲಿ.

"ಇವತ್ತೇನು ಕೆಲಸ?" ಎಂದಳು, ತಲೆಯೆತ್ತದೆ.

"ಕೆಲಸ ಏನೂ ಇಲ್ಲ. ಒಂದು ಮಾತಿದೆ. ನಿಮ್ಮನ್ನ ಕೇಳದೆ ಹೇಳಬಾರದು ಅಂತ ನಿಂತಿದ್ದೀನಿ."

"ಕೇಳಿ."

"ನಿಮ್ಮನ್ನ ಪ್ರೀತಿಸ್ತಿದ್ದೀನಿ ಅಂತ ಹೇಳಬಹುದಾ?"

ಅವಳು ಉಳಿ ಕೆಳಗಿಟ್ಟಳು. ತುಟಿಯಂಚಿಗೆ ಬಂದ ನಗುವನ್ನು ತಡೆಯಲಾಗಲಿಲ್ಲ.

"ಹೇಳಿ ಆಯ್ತಲ್ಲ."

ಅವನು ಹೊಸ್ತಿಲಾಚೆಯೇ ಕಾದ. ಎಷ್ಟು ಹೊತ್ತಾದರೂ ಕಾಯುವವನ ಹಾಗೆ.

"ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಒಳಗೆ ಬಾ" ಎಂದಳು.

ಅವನ ಕಣ್ಣು ಅಗಲವಾಯಿತು. "ಏನಂದ್ರಿ?"

"ಬಾ ಅಂದೆ ಕಣೋ."