ಕಾರಣ: ನಾಯಿ

ನನ್ನ ಕಿವಿಯ ಬಗ್ಗೆ ನನಗೆ ಜಂಬ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪನ ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿ ಇರುವಾಗಲೇ ಪ್ಲಗ್ ಹೋಗಿದೆಯೋ, ಬೆಲ್ಟ್ ಸಡಿಲವಾಗಿದೆಯೋ ಹೇಳಿಬಿಡುತ್ತೇನೆ. ಗಿರಾಕಿಗಳು ಬೆರಗಾದಾಗ ಅಪ್ಪ ಮೀಸೆಯಲ್ಲೇ ನಗುತ್ತಾ "ನನ್ ಮಗಳು" ಅನ್ನುತ್ತಾರೆ.

ಅಂಥ ಕಿವಿಗೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಅವಮಾನವಾಯಿತು.

ಬಿಳಿ ಕಾರೊಂದು ಬಂದು ಶೆಟರ್ ಮುಂದೆ ನಿಂತಿತು. ಅದರ ನೆತ್ತಿಯ ಮೇಲೆ ಕೊಡದಂಥ ಯಂತ್ರವೊಂದು ಗಿರಗಿರ ತಿರುಗುತ್ತಿತ್ತು. ಯಾವುದೋ ಕಾರು ಕಂಪನಿಯ ನೀಲಿ ಅಂಗಿ ತೊಟ್ಟವನೊಬ್ಬ ಕಿಟಕಿ ಇಳಿಸಿದ.

"ಓಡುವಾಗ ಎಲ್ಲೋ ಟಿಕ್ ಟಿಕ್ ಅಂತಿದೆ. ನಮ್ಮ ಎಂಜಿನಿಯರ್‌ಗಳು ಲ್ಯಾಪ್‌ಟಾಪ್ ಹಾಕಿ ನೋಡಿದ್ರು, ಸಿಗಲಿಲ್ಲ. ಟೈರ್ ಅಂಗಡಿಯವರು ನಿಮ್ಮ ಕಿವಿ ವಿಷಯ ಹೇಳಿದ್ರು."

ನಾನು ಬಾನೆಟ್ಟಿಗೆ ಕಿವಿ ಆನಿಸಿದೆ. "ಸ್ಟಾರ್ಟ್ ಮಾಡಿ."

"ಮಾಡಿದೀನಿ."

"ಇಲ್ಲ ರೀ, ಸ್ಟಾರ್ಟ್ ಮಾಡಿ."

"ಮಾಡಿದೀನಿ ಮೇಡಂ."

ನಾನು ನೆಟ್ಟಗೆ ನಿಂತು, ಕೈ ಒರೆಸಿಕೊಂಡು, ಡಾಕ್ಟರ ಹಾಗೆ ತೀರ್ಪು ಕೊಟ್ಟೆ. "ಗಾಡಿ ಸತ್ತಿದೆ."

ಆ ಸತ್ತ ಗಾಡಿ ತಾನೇ ತಾನಾಗಿ ಒಂದು ಅಡಿ ಹಿಂದಕ್ಕೆ ಸರಿಯಿತು. ಅದು ಬ್ಯಾಟರಿ ಗಾಡಿ, ಎಂಜಿನ್ನೇ ಇಲ್ಲ ಅಂತ ಆಗ ಗೊತ್ತಾಯಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲಿ ಅಂಗಿಯವನು ನಗಲಿಲ್ಲ, ಪಾಪ, ತುಟಿ ಕಚ್ಚಿ ಹಿಡಿದುಕೊಂಡ. ಆದರೆ ಅವನ ಕಣ್ಣು ಮಾತ್ರ ನಗುತ್ತಿತ್ತು. ಆ ಕಣ್ಣಿನ ಮೇಲೆ ನನಗೆ ಆವತ್ತೇ ಸಿಟ್ಟು ಬಂತು. ಸಿಟ್ಟು ಅಂತಲೇ ಅಂದುಕೊಂಡಿದ್ದೆ.

"ಒಂದು ಸುತ್ತು ಬರ್ತೀರಾ? ಕೂತ್ರೆ ಸದ್ದು ಕೇಳ್ಸುತ್ತೆ" ಎಂದ.

ಹೋದೆ. ಗಾಡಿ ತಾನೇ ಹೊರಟಿತು. ಸ್ಟೀರಿಂಗ್ ಗಾಳಿಗೆ ಸಿಕ್ಕಂತೆ ತಾನಾಗಿ ತಿರುಗುತ್ತಿತ್ತು. ಅವನ ಎರಡೂ ಕೈ ಅದಕ್ಕಿಂತ ಒಂದು ಬೆರಳಿನಷ್ಟು ಮೇಲೆ, ಮುಟ್ಟದೆ, ಆದರೆ ಬಿಡದೆ ನಿಂತಿದ್ದವು.

"ಸುಮ್ನೆ ಕೂತ್ಕೊಳ್ಳೋದೇ ನಿಮ್ಮ ಕೆಲ್ಸನಾ?"

"ಹೂಂ. ಭಾರೀ ಕಷ್ಟದ ಕೆಲ್ಸ." ಅವನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. "ಸ್ಟೀರಿಂಗ್ ಆಗಲಿ ಬ್ರೇಕ್ ಆಗಲಿ ನಾನು ಮುಟ್ಟಿದ್ರೆ, ಯಾಕೆ ಮುಟ್ಟಿದೆ ಅಂತ ಬಾಯ್ಬಿಟ್ಟು ಹೇಳ್ಬೇಕು. ರೆಕಾರ್ಡ್ ಆಗುತ್ತೆ. ಅದನ್ನ ಕೇಳಿಯೇ ಗಾಡಿ ಕಲಿಯೋದು."

ಅಷ್ಟರಲ್ಲಿ ಸೈಕಲ್ಲೊಂದು ಅಡ್ಡ ನುಗ್ಗಿತು. ಅವನ ಕಾಲು ಬ್ರೇಕಿಗೆ ಹೋಯಿತು, ಬೆರಳು ಒಂದು ಗುಂಡಿ ಒತ್ತಿತು. "ಕಾರಣ: ಸೈಕಲ್" ಎಂದ, ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ.

"ಹನ್ನೊಂದು ತಿಂಗಳಾಯ್ತು. ಒಂದು ಕಾರಣಾನೂ ತಪ್ಪು ಹೇಳಿಲ್ಲ" ಅಂದಾಗ ಅವನ ಕತ್ತು ಸ್ವಲ್ಪ ಉದ್ದವಾಯಿತು. "ಒಂದು ಸುಳ್ಳು ಸಿಕ್ಕಿದ್ರೂ ಈ ಸೀಟು ಹೋಯ್ತು."

ತನ್ನ ಕೆಲಸದ ಬಗ್ಗೆ ಜಂಬ ಇರುವವರನ್ನು ಕಂಡರೆ ನನಗೆ ಇಷ್ಟ. ಆದರೂ ಕೆಣಕಿದೆ. "ನಿಮ್ಮೋರೇ ಯಾರಾದ್ರೂ ಅಡ್ಡ ಬಂದ್ರೆ? ಆಗ್ಲೂ ಗಾಡೀನೇ ನಿಲ್ಲಿಸ್ಲಿ ಅಂತ ಸುಮ್ನೆ ಕೂತಿರ್ತೀರಾ?"

ಅವನು ಬಾಯಿ ತೆರೆಯುವ ಮೊದಲೇ ನನಗೆ ಸದ್ದು ಕೇಳಿಸಿತು. ಎಂಜಿನ್ನಿನ ಗಲಾಟೆ ಇಲ್ಲದ ಗಾಡಿಯಲ್ಲಿ ಎಷ್ಟು ಸಣ್ಣ ಸದ್ದೂ ಅಡಗಿ ಕೂರುವ ಹಾಗಿಲ್ಲ! ಹಿಂದಿನ ಬಲ ಚಕ್ರದ ಒಳಗೆ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪೊಂದು ಬಿಟ್ಟು ಟೈರಿಗೆ ತಾಗುತ್ತಿತ್ತು. ಇಳಿದು, ಬಗ್ಗಿ, ಎರಡು ನಿಮಿಷದಲ್ಲಿ ಕೂರಿಸಿದೆ.

"ಲ್ಯಾಪ್‌ಟಾಪ್‌ಗೆ ಹೇಳಿ" ಎಂದೆ.

ಈಗ ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ನೋಡಬಾರದಿತ್ತು, ನೋಡಿಬಿಟ್ಟೆ.

ಮರುದಿನ ಹತ್ತಕ್ಕೆ ಬಿಳಿ ಕಾರು ಮತ್ತೆ ಆ ದಾರಿಯಲ್ಲಿ ಬಂತು. ಗ್ಯಾರೇಜಿನ ಮುಂದೆ ನಿಧಾನವಾಯಿತು, ಕಿಟಕಿ ಇಳಿಯಿತು. ಏನಾದರೂ ಹೇಳಬೇಕಲ್ಲ ಅಂತ ನಾನೊಂದು ಪ್ರಶ್ನೆ ಎಸೆದೆ. "ರಸ್ತೇಲಿ ನೀರು ನಿಂತಿದ್ರೆ ನಿಮ್ಮ ಬ್ಯಾಟರಿ ಗತಿ ಏನು?"

"ನಾಳೆ ಹೇಳ್ತೀನಿ" ಅಂತ ಹೋದ. ಮರುದಿನ ಹೇಳಿಯೂ ಹೇಳಿದ. "ಬ್ಯಾಟರಿ ಪೆಟ್ಟಿಗೆ ಸೀಲ್ ಆಗಿದೆ. ಆದ್ರೆ ನೀರು ಸೀಟಿನ ಮಟ್ಟಕ್ಕೆ ಬಂದ್ರೆ ನಾನಂತೂ ಇಳಿದು ಓಡ್ತೀನಿ."

ಹೀಗೆ ದಿನಕ್ಕೊಂದು. ಬಿಸಿಲಿಗೆ ಬ್ಯಾಟರಿ ಬಾಳಿಕೆ ಬರುತ್ತಾ? ಚಾರ್ಜ್ ನಡುದಾರಿಯಲ್ಲಿ ಮುಗಿದರೆ ಯಾರನ್ನು ಕರೆಯಬೇಕು? ಹಳೆಯದಾದ ಮೇಲೆ ಯಾರಾದರೂ ಕೊಳ್ಳುತ್ತಾರಾ? ಗುದ್ದಿದರೆ ತಪ್ಪು ಗಾಡಿಯದಾ, ಕೂತವನದಾ? ಅವನು ಎಂಜಿನಿಯರುಗಳ ತಲೆ ತಿಂದು ಉತ್ತರ ತರುತ್ತಿದ್ದ. ಅರ್ಧ ನಿಮಿಷದ ಮಾತು. ದಿನದ ಉಳಿದ ಹೊತ್ತೆಲ್ಲ ನಾನು ಮುಂದಿನ ಪ್ರಶ್ನೆ ಹುಡುಕುತ್ತಿದ್ದೆ.

"ಮೂರನೇ ಮಹಡೀಲಿ ಮನೆ ಇರೋರು ಚಾರ್ಜ್ ಮಾಡೋಕೆ ವೈರ್ ಎಲ್ಲಿಂದ ಇಳಿಬಿಡ್ಬೇಕು?" ಅಂತ ಕೇಳಿದ್ದಕ್ಕೆ ಮಾತ್ರ ಎರಡು ದಿನ ತೆಗೆದುಕೊಂಡ. "ಇದಕ್ಕೆ ನಮ್ಮೋರ ಹತ್ರ ಸರಿಯಾದ ಉತ್ತರ ಇಲ್ಲ. ನಾನೂ ಮೂರನೇ ಮಹಡೀಲೇ ಇರೋದು. ನನಗೂ ಅದೇ ಚಿಂತೆ."

ಮಾರುವವರಾಗಿದ್ದರೆ ಏನಾದರೂ ಬಣ್ಣ ಹಚ್ಚಿ ಹೇಳುತ್ತಿದ್ದರು. ಆ ದಿನ ನಾನು ಅವನಿಗೆ ಪೂರ್ತಿ ಸೋತೆ.

"ನಿನ್ ಮುಖದ ಮೇಲೆ ಹತ್ತು ಗಂಟೆಗೆ ಮಾತ್ರ ಗ್ರೀಸ್ ಇರಲ್ಲ, ಅದು ಹ್ಯಾಗೆ?" ಅಂತ ಅಪ್ಪ ಕೇಳಿದರು. ನಾನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಗಾಡಿಯ ಕೆಳಗೆ ತೂರಿಕೊಂಡೆ.

ಇಪ್ಪತ್ತನಾಲ್ಕನೆಯ ದಿನ ಬಿಳಿ ಕಾರಿನಿಂದ ಮೊದಲು ಇಳಿದದ್ದು ಒಬ್ಬ ಮೇಡಂ. ಕಂಪನಿಯ ದೊಡ್ಡ ಅಧಿಕಾರಿ, ಕೈಯಲ್ಲಿ ಟ್ಯಾಬ್. ಅವನು ಹಿಂದೆ ಇಳಿದು, ನೆಲ ನೋಡುತ್ತಾ ನಿಂತ.

"ಇಲ್ಲೊಂದು ನಾಯಿ ಇದೆಯಂತಲ್ಲ, ಎಲ್ಲಿ?" ಎಂದರು ಮೇಡಂ.

"ನಾಯಿನಾ?"

"ಇಪ್ಪತ್ತಮೂರು ದಿನ, ಇದೇ ಜಾಗದಲ್ಲಿ ಬ್ರೇಕ್. ಇಪ್ಪತ್ತಮೂರು ಸಲಾನೂ ಕಾರಣ ನಾಯಿ. ಗಾಡಿಯ ಕ್ಯಾಮೆರಾದಲ್ಲಿ ನೋಡಿದ್ರೆ ಒಂದು ಬಾಲಾನೂ ಇಲ್ಲ. ನಾಯಿ ಇದ್ದೂ ಗಾಡಿಗೆ ಕಾಣ್ಲಿಲ್ಲ ಅಂದ್ರೆ ಅದಕ್ಕೆ ಕಣ್ಣಿಲ್ಲ ಅಂತಾಯ್ತು. ಅಷ್ಟೂ ಗಾಡಿಗಳನ್ನ ರಸ್ತೆಯಿಂದ ವಾಪಸ್ ಕರೆಸ್ಬೇಕು. ನೀವು ಇಲ್ಲೇ ಇರೋರು, ಹೇಳಿ. ನಾಯಿ ನೋಡಿದೀರಾ?"

ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತಮೂರು ದಿನ ನಾನು ನಾಯಿಯಾಗಿದ್ದೆ! ಮುಖ ತೊಳೆದುಕೊಂಡು ನಿಂತ ನಾಯಿ!

ಸಿಟ್ಟಿನ ಹಿಂದೆಯೇ ಭಯ ಬಂತು. "ಇದೆ, ಕಂದು ಬಣ್ಣದ್ದು, ಬರುತ್ತೆ ಹೋಗುತ್ತೆ" ಅಂದರೆ ಅವನ ಸೀಟು ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿಸದ ಸದ್ದನ್ನು ಕೇಳಿಸಿತು ಅಂತ ನಾನು ಯಾವ ಗಿರಾಕಿಗೂ ಹೇಳಿದವಳಲ್ಲ.

"ಅವರನ್ನೇ ಕೇಳಿ ಮೇಡಂ. ಅವರು ಹೇಳೋದನ್ನ ನೀವು ನಂಬಬಹುದು" ಎಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಒಂದೇ ಕ್ಷಣ. ಆಮೇಲೆ ಮೇಡಂ ಕಡೆ ತಿರುಗಿದ. "ನಾಯಿ ಇರಲಿಲ್ಲ. ಗಾಡಿ ಕಣ್ಣು ಸರಿಯಾಗಿದೆ. ಸುಳ್ಳು ಹೇಳಿದ್ದು ನಾನು. ಅದಕ್ಕೆ ಕೆಟ್ಟ ಹೆಸರು ಬರೋದು ಬೇಡ."

ಮೇಡಂ ಅವನನ್ನೂ ನನ್ನನ್ನೂ ನೋಡಿದರು. ನನ್ನ ತೊಳೆದ ಮುಖವನ್ನೂ ನೋಡಿದರು. "ಹಾಗಾದ್ರೆ ತಿದ್ದಿ. ಗಾಡಿ ತಪ್ಪು ಕಲಿಯಬಾರದು. ಇಪ್ಪತ್ತಮೂರನ್ನೂ ಒಂದೊಂದಾಗಿ, ಬಾಯ್ಬಿಟ್ಟು ಹೇಳಿ."

ಅವನು ಸೀಟಿನಲ್ಲಿ ಕೂತು ಗುಂಡಿ ಒತ್ತಿದ. "ಮೊದಲನೇ ದಿನ. ನಾಯಿ ಅಲ್ಲ. ಕಾರಣ: ಗ್ಯಾರೇಜಿನ ಹುಡುಗಿ."

ನಾನು ಗಾಜು ಬಡಿದೆ. "ಮೆಕ್ಯಾನಿಕ್ ಅಂತ ಹೇಳಿ!"

"ಎರಡನೇ ದಿನ. ಕಾರಣ: ಮೆಕ್ಯಾನಿಕ್."

"ಅಯ್ಯೋ, ಹಾಗಂದ್ರೆ ಗಾಡಿ ಕೆಟ್ಟಿತ್ತು ಅಂದ್ಕೋತಾರೆ ಕಣ್ರೀ. ಬಿಡಿಸಿ ಹೇಳಿ" ಎಂದರು ಮೇಡಂ.

ಅವನು ಒಂದು ಉಸಿರು ಎಳೆದುಕೊಂಡ. "ಗಾಡಿ ಸರಿಯಾಗಿತ್ತು. ಮೆಕ್ಯಾನಿಕ್ ಒಬ್ಬರನ್ನ ನೋಡೋಕೆ ಅಂತ ನಾನೇ ನಿಧಾನ ಮಾಡಿದೆ."

ಅದೇ ಮಾತು, ಇಪ್ಪತ್ತೆರಡು ಸಲ. ನಾನು ಕಣ್ಣು ಮುಚ್ಚಿ ಕೇಳಿದೆ. ಮೊದಮೊದಲು ದನಿ ನಡುಗುತ್ತಿತ್ತು, ಹತ್ತರ ಹೊತ್ತಿಗೆ ನೆಟ್ಟಗಾಯಿತು. ಕೊನೆಕೊನೆಗೆ ಅದರಲ್ಲಿ ನಾಚಿಕೆಯೇ ಇರಲಿಲ್ಲ, ಹೆಮ್ಮೆ ಇತ್ತು. ಎಲ್ಲೂ ಒಂದು ಟಿಕ್ ಇಲ್ಲ. ನನ್ನ ಕಿವಿ ಆ ದನಿಗೆ ಪಾಸ್ ಅಂತ ಮುದ್ರೆ ಒತ್ತಿತು.

"ಎರಡು ತಿಂಗಳು ಸೀಟಿಂದ ಇಳೀರಿ. ಪರೀಕ್ಷೆ ಮೊದಲಿಂದ ಬರೀರಿ. ನೀವೇ ಒಪ್ಪಿಕೊಂಡ್ರಿ ಅಂತ ಇಷ್ಟಕ್ಕೆ ಬಿಟ್ಟಿದೀನಿ" ಎಂದು ಮೇಡಂ ಅವನನ್ನು ಇಳಿಸಿ, ಸ್ಟೀರಿಂಗ್ ಹಿಂದೆ ತಾವೇ ಹೋಗಿ ಕೂತರು.

ಅವನು ನನ್ನ ಎದುರು ನಿಂತ. "ದಿನಾ ನೀವು ಕೇಳ್ತಿದ್ರಿ. ಇವತ್ತು ನಾನೊಂದು ಕೇಳ್ಲಾ? ನನ್ನ ಮದುವೆ ಆಗ್ತೀರಾ?"

ಅಪ್ಪ ಶೆಟರ್ ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಹೂಂ ಅಂದುಬಿಡೋಣ ಅನ್ನಿಸಿತು, ಆದರೆ ನನ್ನನ್ನು ನಾಯಿ ಮಾಡಿದ್ದನ್ನು ಅಷ್ಟು ಸುಲಭವಾಗಿ ಬಿಟ್ಟೇನೆ?

"ಮೊದ್ಲು ಪರೀಕ್ಷೆ ಪಾಸ್ ಮಾಡ್ಕೊಂಡು ಬನ್ನಿ. ಸೀಟಲ್ಲಿ ಕೂತಿರುವಾಗ ಉತ್ತರ ಹೇಳ್ತೀನಿ."

ಎರಡು ತಿಂಗಳು ಹತ್ತು ಗಂಟೆಗಳೆಲ್ಲ ಬಣಗುಟ್ಟಿದವು. ಗ್ರೀಸ್ ಹಾಗೇ ಇರಲಿ ಅಂತ ಬಿಟ್ಟೆ.

ಆಮೇಲೆ ಒಂದು ಬೆಳಿಗ್ಗೆ, ಅಪ್ಪನಿಗೆ ಕೇಳಿಸುವ ಮೊದಲೇ, ಟಾರಿನ ಮೇಲೆ ಆ ಟೈರುಗಳ ಸಣ್ಣ ಸುಯ್ ಸದ್ದು ನನಗೆ ಕೇಳಿಸಿತು. ಸ್ಪ್ಯಾನರ್ ಕೆಳಗಿಟ್ಟೆ. ಗ್ಯಾರೇಜಿನ ಎದುರು ಜೀಬ್ರಾ ಪಟ್ಟೆ ಇದೆ. ಅದರ ಮೇಲೆ ನಡೆದು, ರಸ್ತೆಯ ನಟ್ಟನಡುವೆ, ಸೊಂಟದ ಮೇಲೆ ಕೈ ಇಟ್ಟು ನಿಂತೆ.

ಕಾರು ದೂರದಿಂದಲೇ ನನ್ನನ್ನು ಕಂಡಿತು. ನಿಧಾನವಾಯಿತು. ಇನ್ನೂ ನಾಲ್ಕು ಮಾರು ಇರುವಾಗಲೇ ನಿಂತಿತು.

ಕಿಟಕಿ ಇಳಿಯಿತು. ಅವನ ಮುಖ ಬಿಳಿಚಿಕೊಂಡಿತ್ತು.

"ನಿಮ್ಮೋರು ಅಡ್ಡ ಬಂದ್ರೆ ಏನ್ಮಾಡ್ತೀರಿ ಅಂತ ಆವತ್ತು ಕೇಳಿದ್ದೆ. ಸುಮ್ನೆ ಕೂತಿದ್ರಾ?"

"ಆಗ್ಲಿಲ್ಲ" ಎಂದ. "ಅದು ನಿಲ್ಲಿಸ್ತಾ ಇತ್ತು, ನೋಡ್ತಾನೂ ಇದ್ದೆ. ಆದ್ರೂ ಕಾಲು ಬ್ರೇಕಿಗೆ ಹೋಯ್ತು. ಈಗ ಕಾರಣ ಹೇಳ್ಬೇಕು." ಅವನ ಬೆರಳು ಗುಂಡಿಯ ಮೇಲಿತ್ತು. "ಈ ಸಲ ಏನಂತ ಹೇಳ್ಲಿ?"

ನಾನು ಕಿಟಕಿಯೊಳಗೆ ಬಗ್ಗಿ, ಗ್ರೀಸ್ ಮೆತ್ತಿದ ಬೆರಳಿನಿಂದ ಅವನ ಬೆರಳನ್ನು ಗುಂಡಿಗೆ ಒತ್ತಿದೆ. ಇಡೀ ಕಂಪನಿಗೇ ಕೇಳಿಸಲಿ ಅಂತ ಸ್ಪಷ್ಟವಾಗಿ ಹೇಳಿದೆ.

"ಕಾರಣ: ಹೆಂಡತಿ ಆಗೋಳು."