ನಾಳ ಎಂದರೆ ನಾಳೆಯಲ್ಲ

"ಕೊಡ್ರಿ ಅತ್ತಿ, ಅದು ನನ್ನ ಆರ್ಡರ್ ಕಾಗದ... ಹರೀಬ್ಯಾಡ್ರಿ!"

ಶಿವಕಾಂತಾ ಕೈಚಾಚುವಷ್ಟರಲ್ಲಿ ಚಂದಮ್ಮ ಕಾಗದವನ್ನು ಮಡಚಿ ಕುಪ್ಪಸದೊಳಗೆ ತುರುಕಿಕೊಂಡುಬಿಟ್ಟಳು. ಪುಣೆಯ ಕೊಂಢವಾ ಬಡಾವಣೆಯ ಆ ತಗಡಿನ ಮನೆಯಲ್ಲಿ ಅತ್ತೆ ಹೇಳಿದ್ದೇ ಕಾನೂನು! ಸೊಸೆ ಪುಣೆಯಲ್ಲೇ ನರ್ಸಿಂಗ್ ಕಲಿತವಳು. ಗುಡ್ಡದಾಚೆಯ ಹಳ್ಳಿಯ ಉಪಕೇಂದ್ರದಲ್ಲಿ ಮಾಧುರಿ ಎಂಬ ಒಬ್ಬಳೇ ಮರಾಠಿ ನರ್ಸು ಎರಡು ವರ್ಷದಿಂದ ಹನ್ನೊಂದು ಊರುಗಳಿಗೆ ಓಡಾಡಿ ಹೈರಾಣಾಗಿದ್ದಳು. ಅವಳಿಗೆ ಜೊತೆಯಾಗಿ ಶಿವಕಾಂತಾಳನ್ನು ನೇಮಿಸಿದ್ದರು. ಆದರೆ ಅಲ್ಲಿಯೇ ವಾಸವಿರಬೇಕು.

"ನೀ ಗುಡ್ಡದಾಗ ಕುಂತು ಊರವರ ಹೆರಿಗಿ ಮಾಡ್ಸು. ನಿನ್ನ ಮಗಳು ಅಂಬಾನ್ನ ಯಾರು ನೋಡ್ಬೇಕು, ನಾನಾ?"

"ನಿಮ್ಮ ಮಗಳೂ ಅದೇ ಊರಾಗ ಅದಾಳಲ್ರಿ... ಆಕಿಗೂ ದಿನ ತುಂಬ್ಯಾವ."

ಅದು ನಿಜ. ಚಂದಮ್ಮನ ಮಗಳು ಶರಣಮ್ಮ ಗಂಡನ ಜೊತೆ ಅಲ್ಲಿಯ ಇಟ್ಟಂಗಿ ಭಟ್ಟಿಗೆ ಬಂದು ತಿಂಗಳಾಗಿತ್ತಷ್ಟೆ. ಅವಳಿಗೆ ಮರಾಠಿ ಒಂದಕ್ಷರವೂ ಬಾರದು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಂದಮ್ಮನೇ ಎತ್ತಿದಳು. "ಹಾಂ ಬಾಯಿ... ಆಯ್ತು, ಆಯ್ತು!" ಎಂದು ಇಟ್ಟೂಬಿಟ್ಟಳು.

"ಮಾಧುರಿ ಬಾಯಿ. ಶರಣಿಗಿ ಬ್ಯಾನಿ ಸುರು ಆಗ್ಯಾವಂತ, ಹೆರಿಗಿ ನಾಳೆ ಅಂತ. ಪಾಪ, ನನಗ ತಿಳೀಲಿ ಅಂತ ಕನ್ನಡದಾಗ ಅಂದ್ಲು ನೋಡು!"

ಶಿವಕಾಂತಾ ಫೋನು ಕಸಿದುಕೊಂಡಳು. "ಆಕಿ ಹೆಂಗ ಅಂದ್ಲೋ ಹಂಗೇ ಅನ್ರಿ."

"'ಶರಣಮ್ಮ... ನಾಳ, ನಾಳ' ಅಂತ ಒದರಿದ್ಲು. ಉಳಿದದ್ದು ಬರೇ ಗರಗರ."

"ಅಯ್ಯೋ ಅತ್ತೀ! ಮರಾಠಿಯೊಳಗ ನಾಳ ಅಂದ್ರ ಹೊಕ್ಕಳಬಳ್ಳಿ! ಕೂಸಿಗಿಂತ ಮೊದ್ಲ ಬಳ್ಳಿ ಹೊರಗ ಬಂದದ... ತಲಿ ಅದನ್ನ ಒತ್ತಿತಂದ್ರ ಕೂಸು ಉಳಿಯಂಗಿಲ್ಲ!"

ಶಿವಕಾಂತಾ ಫೋನು ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು... ಇಲ್ಲ! ದೇವರೇ, ಆ ಗುಡ್ಡದಲ್ಲಿ ಇನ್ನೊಂದು ಜೀವ ಮಾಧುರಿಯ ಹತ್ತಿರ ಇದ್ದಿದ್ದರೆ! ಮೂರನೆಯ ಸಲ ಮಾಧುರಿಯ ಅಳು ಕೇಳಿಸಿತು. ಬಳ್ಳಿ ಅಮುಕದಂತೆ ಒಂದು ಕೈಯಿಂದ ಕೂಸಿನ ತಲೆಯನ್ನು ಒಳಕ್ಕೆ ಒತ್ತಿ ಹಿಡಿದಿದ್ದಳು. ಆಂಬುಲೆನ್ಸ್ ಹೊರಟಿತ್ತು. ಆದರೆ ಏನು ಹೇಳಿದರೂ ಶರಣಮ್ಮನಿಗೆ ತಿಳಿಯುತ್ತಿರಲಿಲ್ಲ, ಅವಳು ತಿಣುಕುತ್ತಲೇ ಇದ್ದಳು. ಫೋನನ್ನು ಅವಳ ಕಿವಿಗಿಡಲು ಹೇಳಿ ಅತ್ತಿಗೆ ಶಿವಕಾಂತಾ ಕೂಗಿದಳು.

"ಶರಣೂ, ನಾ ವೈನಿ! ತಿಣಕಬ್ಯಾಡವ್ವಾ! ಮೊಣಕಾಲೂರಿ ಬಗ್ಗು, ತಲಿ ಕೆಳಗ ಹಚ್ಚು, ಸೊಂಟ ಮ್ಯಾಲೆತ್ತು... ಬಾಯಿಲೆ ಉಸುರು ಬಿಡು!"

"ವೈನೀ... ನಾ ಸಾಯ್ತೀನಿ..."

"ಸಾಯಂಗಿಲ್ಲ! ನಾ ಫೋನ್ ಇಡಂಗಿಲ್ಲ!"

ಇಡಲೂ ಇಲ್ಲ. ಆಂಬುಲೆನ್ಸು ದೊಡ್ಡ ಆಸ್ಪತ್ರೆ ಮುಟ್ಟುವವರೆಗೂ ಅದೇ ಮಾತು, ಅದೇ ಮಾತು. ಆಪರೇಷನ್ ಆಗಿ ಗಂಟೆಯ ಮೇಲೆ ಮಾಧುರಿಯ ಫೋನು ಬಂತು. ಕೂಸು ಮೊದಲು ಅಳಲೇ ಇಲ್ಲವಂತೆ... ಆಮೇಲೆ ಅತ್ತಿತಂತೆ! ತಾಯಿಯೂ ಉಳಿದಿದ್ದಳು.

ಚಂದಮ್ಮ ಕುಪ್ಪಸದಿಂದ ಕಾಗದ ತೆಗೆದಳು. ಬೆವರಿಗೆ ಒದ್ದೆಯಾಗಿತ್ತು. "ಯಾವಾಗ ಹೊಂಟಿ?"

"ಅಂಬಾಗ ಹೇಳಿ, ಸಮಾಧಾನ ಮಾಡಿ... ನಾಳೆ..."

"ಆ ಮಾತು ಆಡಬ್ಯಾಡ ತಾಯಿ! ಇವತ್ತೇ ಹೋಗು. ಅಂಬಾನ್ನ ನಾ ನೋಡ್ಕೋತೀನಿ. ನನ್ನ ತಪ್ಪು ಹೊಟ್ಟಿಗಿ ಹಾಕ್ಕೋ..."

ಅತ್ತೆ ಸೊಸೆ ತಬ್ಬಿಕೊಂಡು ಅತ್ತರು. ಸಂಜೆಯ ಬಸ್ಸಿಗೆ ಶಿವಕಾಂತಾ ಹೊರಟಳು. ಮೂರು ವರ್ಷದ ಅಂಬಾ ಅಜ್ಜಿಯ ಸೆರಗು ಹಿಡಿದು ಜಗ್ಗಿದಳು.

"ಆಯಿ, ಅವ್ವ ಯಾವಾಗ ಬರ್ತಾಳ?"

ಅಳುವ ಕೂಸನ್ನು ಸುಮ್ಮನಾಗಿಸಲು ಎಲ್ಲರೂ ಹೇಳುವ ಆ ಒಂದು ಮಾತು ಚಂದಮ್ಮನ ಬಾಯಿಂದ ಹೊರಡಲೇ ಇಲ್ಲ. ಮೊಮ್ಮಗಳನ್ನು ಎತ್ತಿಕೊಂಡು, ಬಸ್ಸು ಹೋದ ರಸ್ತೆಯನ್ನು ನೋಡುತ್ತಾ ನಿಂತಳು.