ಇನ್ನೂರು ಮೀಟರಿನ ಬೇರೆ ಹಾಳೆ

“ಅಮ್ಮಿ, ಸುಮಂಗಲಕ್ಕನ ಹೆಸರು ನೀನ ಬರದ ಕೊಟ್ಟಿಯೇನು?”

ಜಾಸ್ಮೀನ ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ರೊಟ್ಟಿ ತಿನ್ನುತ್ತಿದ್ದ ಮುನ್ನಿಯ ಕಿವಿ ನೆಟ್ಟಗಾಯಿತು. ಅಕ್ಕ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದಾಳೆ ಎಂದರೆ ಅದು ಸಣ್ಣ ವಿಷಯವಲ್ಲ.

“ಹೌದು, ನಾನ ಬರದ ಕೊಟ್ಟೀನಿ,” ಎಂದಳು ಅಮ್ಮಿ ಫಾತಿಮಾಬೀ, ಹಿಟ್ಟು ನಾದುತ್ತಾ. “ಗ್ಯಾಂಗಿಗೆ ಇಬ್ಬರು ಅಂದ್ರು. ನಮ್ಮ ಗ್ಯಾಂಗಿನಾಗ ಜೋರು ಓಡೋರು ಯಾರು? ನೀನು, ಅಕಿ. ಇಬ್ಬರ ಹೆಸರೂ ಬರದೆ.”

ಫಾತಿಮಾಬೀ ಕಾರಟಗಿಯ ಸುತ್ತಲಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಂಗಸರ ಗ್ಯಾಂಗಿಗೆ ಮುಖ್ಯಸ್ಥೆ. ಹದಿನಾರು ಹೆಂಗಸರು ಒಂದೇ ಸಾಲಿನಲ್ಲಿ ಬಗ್ಗಿ, ಸಸಿ ಊರುತ್ತಾ ಹಿಂದೆ ಸರಿಯುತ್ತಾರೆ. ಕಾಲೇಜಿಗೆ ರಜೆ ಇದ್ದಾಗ ಜಾಸ್ಮೀನಳೂ ಹೋಗುತ್ತಾಳೆ. ನಾಟಿ ಮುಗಿದ ಮೇಲೆ ಪ್ರತಿ ವರ್ಷ ಹೆಂಗಸರ ಒಕ್ಕೂಟದವರು ಕ್ರೀಡಾಕೂಟ ಮಾಡುತ್ತಾರೆ. ಅದಕ್ಕೆ ಹೆಸರು ಕೊಡುವುದು ಓಡುವವರಲ್ಲ. ಮುಖ್ಯಸ್ಥೆ ತನ್ನ ಹಾಜರಿ ಪಟ್ಟಿ ತೆಗೆದು ಇಬ್ಬರನ್ನು ಆರಿಸುವುದು ಮೊದಲಿನಿಂದ ಬಂದ ರೂಢಿ. ಇನ್ನೂರು ಮೀಟರ್ ಓಟದಲ್ಲಿ ಫಸ್ಟ್ ಬಂದ ಒಬ್ಬಳು ಮಾತ್ರ ಜಿಲ್ಲಾ ಕೂಟಕ್ಕೆ ಕೊಪ್ಪಳಕ್ಕೆ ಹೋಗುತ್ತಾಳೆ.

ಸುಮಂಗಲಾಳ ಹೆಸರು ಆ ಹಾಜರಿ ಪಟ್ಟಿಯಲ್ಲಿ ನಾಲ್ಕು ವರ್ಷದಿಂದ ಇದೆ. ಓಟಕ್ಕೆ ಬರೆದದ್ದು ಈ ಸಲವೇ ಮೊದಲು. ಹೆಸರು ಬರೆಯುವಾಗ ಫಾತಿಮಾಬೀಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ.

ಸುಮಂಗಲಾ ಹುಟ್ಟಿದಾಗ ಮನೆಯವರು ಗಂಡುಮಗು ಎಂದು ಬೇರೆ ಹೆಸರಿಟ್ಟು, ಹುಡುಗನಾಗಿಯೇ ಬೆಳೆಸಿದ್ದರು. ದೊಡ್ಡವಳಾದ ಮೇಲೆ ‘ನಾನು ಹೆಂಗಸು’ ಎಂದು ಹೇಳಿ, ಹೆಸರು ಬದಲಿಸಿಕೊಂಡು, ಸೀರೆ ಉಟ್ಟು ಬದುಕುತ್ತಿದ್ದಾಳೆ. ಇದು ಊರಿಗೆಲ್ಲ ಗೊತ್ತು. ಮುನ್ನಿಗೆ ಇನ್ನೂ ಒಂದು ವಿಷಯ ಗೊತ್ತು. ಸುಮಂಗಲಕ್ಕ ಹೆಣೆದ ಜಡೆ ಎರಡು ದಿನವಾದರೂ ಬಿಚ್ಚುವುದಿಲ್ಲ.

“ಅಕಿ ಹುಡುಗನಾಗಿ ಬೆಳದಾಕಿ, ಅಮ್ಮಿ. ಅಕಿ ಕಾಲಿನ ಜೋರು ಬ್ಯಾರೆ,” ಎಂದಳು ಜಾಸ್ಮೀನ. “ನಾ ಮೂರು ವರ್ಷದಿಂದ ದಿನಾ ಮುಂಜಾನಿ ಕೆನಾಲ್ ದಂಡಿ ಮ್ಯಾಲ ಓಡಾಕತ್ತೀನಿ. ಎರಡು ಸಲ ಸೆಕೆಂಡ್ ಬಂದೀನಿ. ಈ ಸಲ ಕೊಪ್ಪಳಕ್ಕ ನಾ ಹೋಗಬೇಕಿತ್ತು.”

“ಗದ್ದ್ಯಾಗ ನಿನ್ನ ಮಗ್ಗಲಕ ನಿಂತಾಗ ಅಕಿ ಹೆಂಗಸು. ಓಟದಾಗ ಅಲ್ಲೇನು?”

“ಗದ್ದ್ಯಾಗ ಫಸ್ಟ್, ಸೆಕೆಂಡ್ ಇರಂಗಿಲ್ಲಲ್ಲ ಅಮ್ಮಿ.”

ಹಿಟ್ಟು ನಾದುತ್ತಿದ್ದ ಕೈ ನಿಂತಿತು. ಅಮ್ಮಿ ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜಿ ತೆಗೆಯತೊಡಗಿದಳು.

ಮುನ್ನಿಗೆ ಪ್ರಶ್ನೆ ಬಂದರೆ ಬಾಯಲ್ಲಿ ನಿಲ್ಲುವುದಿಲ್ಲ. “ಆಪಾ, ಬ್ಯಾರೆ ಗ್ಯಾಂಗಿನ ಸುನಿತಕ್ಕನೂ ಭಾಳ ಎತ್ತರ ಅದಾಳ. ಹೋದ ವರ್ಷ ಅಕಿನ ಫಸ್ಟ್ ಬಂದ್ಲು. ಆವಾಗ ನೀ ಏನೂ ಅನಲಿಲ್ಲ.”

“ಸುನಿತಾ ಹುಡುಗಿ ಆಗೇ ಎತ್ತರ ಬೆಳದಾಳ. ಅದು ಬ್ಯಾರೆ, ಇದು ಬ್ಯಾರೆ.”

“ಹೆಂಗ ಬ್ಯಾರೆ?”

“ಹೋಗಿ ಕರಿಬಸಪ್ಪ ಮಾಸ್ತರಿಗೆ ಕೇಳು. ನನ್ನ ತಲಿ ತಿನಬ್ಯಾಡ.”

ಹೋಗಿ ಕೇಳು ಎಂದು ಮುನ್ನಿಗೆ ಹೇಳಬಾರದು. ಅವಳು ನಿಜವಾಗಿಯೂ ಹೋಗಿ ಕೇಳುತ್ತಾಳೆ.

ಕರಿಬಸಪ್ಪ ಮಾಸ್ತರು ಅವಳ ಶಾಲೆಯ ಪಿಟಿ ಮಾಸ್ತರು. ಒಕ್ಕೂಟದ ಕ್ರೀಡಾಕೂಟ ನಡೆಸುವುದೂ ಅವರೇ. ಅವರು ಬಾಲಿಗೆ ಗಾಳಿ ತುಂಬುವುದನ್ನು ನಿಲ್ಲಿಸಿ, ಐದನೆಯ ತರಗತಿಯ ಹುಡುಗಿಗೆ ಎಷ್ಟು ಹೇಳುವುದು ಎಂದು ಲೆಕ್ಕಹಾಕುತ್ತಾ ಹೇಳತೊಡಗಿದರು.

“ಹುಡುಗರು ದೊಡ್ಡವರಾಗೋ ವಯಸ್ಸಿನಾಗ ಅವರ ಮೈಯಾಗ ಒಂದು ಹಾರ್ಮೋನು ಜಾಸ್ತಿ ಆಗತೈತಿ. ಎಲುಬು ಉದ್ದ ಆಗತಾವ, ಮೈ ಗಟ್ಟಿ ಆಗತೈತಿ. ಆಮ್ಯಾಲ ಆ ಹಾರ್ಮೋನು ಇಳಿಸೋ ಗುಳಿಗಿ ತಗೊಂಡ್ರ ಅದರಾಗ ಎಷ್ಟು ಹೋಗತೈತಿ, ಎಷ್ಟು ಉಳೀತೈತಿ ಅಂತ ಡಾಕ್ಟರ್ ಮಂದೀನ ಇನ್ನೂ ವಾದ ಮಾಡಾಕತ್ಯಾರ. ಒಂದೊಂದು ಆಟದಾಗ ಒಂದೊಂದು ರೂಲ್ ಮಾಡ್ಯಾರ.”

“ನಮ್ಮ ಓಟಕ್ಕ ಯಾವ ರೂಲ್ ಐತ್ರಿ ಸರ?”

ಮಾಸ್ತರು ತಲೆ ಕೆರೆದುಕೊಂಡರು. “ನಮ್ಮ ಓಟಕ್ಕ ರೂಲ್ ಬುಕ್ಕ ಇಲ್ಲ. ಜಿಲ್ಲಾಕ್ಕ ಪತ್ರ ಬರದೀನಿ. ನೋಡೋಣು.”

ಈಗ ಉಳಿದವಳು ಸುಮಂಗಲಾ ಒಬ್ಬಳೇ. ಮುನ್ನಿ ಸಂಜೆ ರಿಬ್ಬನ್ನು ಹಿಡಿದುಕೊಂಡು ಅವಳ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತಳು. ಜಡೆ ಅರ್ಧ ಆದಾಗ ಕೇಳಿಯೇಬಿಟ್ಟಳು.

“ಅಕ್ಕಾ, ನೀ ಗಂಡಸರ ಓಟದಾಗ ಯಾಕ ಓಡಂಗಿಲ್ಲ?”

ಕೂದಲಲ್ಲಿ ಸುಮಂಗಲಾಳ ಬೆರಳು ನಿಂತುಬಿಟ್ಟವು. ತಲೆಗೊಂದು ಮೊಟಕು ಬೀಳುತ್ತದೆ ಎಂದು ಮುನ್ನಿ ಕಣ್ಣು ಮುಚ್ಚಿಕೊಂಡಳು. ಮೊಟಕು ಬೀಳಲಿಲ್ಲ.

“ಸಾಲಿಯಾಗಿದ್ದಾಗ ಒಂದ ಸಲ ಓಡಿದ್ದೆ. ಓಟ ಶುರು ಆಗೋಕಿಂತ ಮೊದಲ ನಗಾಕತ್ತಿದ್ರು. ಮುಗಿದ ಮ್ಯಾಲೂ ನಕ್ಕರು. ಅವತ್ತ ಪಂದ್ಯದಾಗ ಓಡೋದ ಬಿಟ್ಟೆ. ನಿಮ್ಮ ಅಮ್ಮಿ ನನ್ನ ಹೆಸರು ಬರದಾಳ ಅಂತ ಕೇಳಿದಾಗ, ಮುನ್ನಿ, ನನಗ ಖುಷಿಗೆ ಊಟ ಸೇರಲಿಲ್ಲ.”

“ನಿನ್ನ ಕಾಲಿಗೆ ಜೋರು ಜಾಸ್ತಿ ಐತಿ ಅಂತಾಳ ಆಪಾ.”

“ಇರಬಹುದು.” ಬೆರಳುಗಳು ಮತ್ತೆ ನಿಧಾನವಾಗಿ ಹೆಣೆಯತೊಡಗಿದವು. “ಗುಳಿಗಿ ಶುರು ಮಾಡಿ ಐದು ವರ್ಷಾತು. ಮೊದಲಿನಂಗ ಭತ್ತದ ಚೀಲ ಎತ್ತಾಕ ಈಗ ಆಗಂಗಿಲ್ಲ. ಆದ್ರ ಓಡೋದರಾಗ ಎಷ್ಟು ಉಳದೈತಿ, ಅದು ನನಗ ಹೆಂಗ ಗೊತ್ತಾಗಬೇಕು? ನಿಮ್ಮ ಆಪಾ ಸುಳ್ಳು ಹೇಳ್ತಾಳ ಅಂತ ನಾ ಅನ್ನಂಗಿಲ್ಲ.”

ಮುನ್ನಿಗೆ ಸಂಕಟವಾಯಿತು. ಇಬ್ಬರಲ್ಲಿ ಒಬ್ಬರದು ತಪ್ಪು ಇರುತ್ತದೆ, ಅದು ಯಾರದು ಎಂದು ಕಂಡುಹಿಡಿದರೆ ಸಾಕು ಎಂದುಕೊಂಡು ಅವಳು ಹೊರಟಿದ್ದಳು. ಈಗ ಆಪಾ ಹೇಳಿದ್ದೂ ಸರಿ ಅನಿಸುತ್ತಿತ್ತು, ಸುಮಂಗಲಕ್ಕ ಹೇಳಿದ್ದೂ ಸರಿ ಅನಿಸುತ್ತಿತ್ತು.

ಓಟದ ದಿನ ಬಂದರೂ ಜಿಲ್ಲೆಯಿಂದ ಪತ್ರ ಬರಲಿಲ್ಲ. ಕರಿಬಸಪ್ಪ ಮಾಸ್ತರು ಮೈಕಿನಲ್ಲಿ ಒಂದು ದಾರಿ ಹೇಳಿದರು. ಸುಮಂಗಲಾ ಎಲ್ಲರ ಜೊತೆಗೇ ಓಡುತ್ತಾಳೆ. ಆದರೆ ಅವಳ ಟೈಮು ಬೇರೆ ಹಾಳೆಯಲ್ಲಿ ಬರೆಯುತ್ತಾರೆ. ಉಳಿದವರಲ್ಲಿ ಫಸ್ಟ್ ಬಂದವಳು ಕೊಪ್ಪಳಕ್ಕೆ ಹೋಗುತ್ತಾಳೆ. ಪತ್ರ ಬಂದ ಮೇಲೆ ಮುಂದಿನದು.

“ಓಡಾಕ ಬಿಟ್ಟು ನಂಬರ್ ಕೊಡಂಗಿಲ್ಲ ಅಂದ್ರ ಅದೆಂಥಾ ಓಟ ರೀ ಸರ?” ಎಂದಳು ಫಾತಿಮಾಬೀ.

“ಓಡಾಕ ಬಿಟ್ಟಿದ್ದ ಜಾಸ್ತಿ ಆತು,” ಎಂದಳು ಇನ್ನೊಂದು ಗ್ಯಾಂಗಿನ ಮುಖ್ಯಸ್ಥೆ ವಿರೂಪಾಕ್ಷಮ್ಮ. “ನಮ್ಮ ಹುಡುಗೇರು ವರ್ಷಗಟ್ಟಲೆ ಕಷ್ಟಪಟ್ಟಾರ. ಅವರಿಗೆ ಯಾರು ದಿಕ್ಕು?”

ಮಾಸ್ತರು ಎರಡೂ ಮಾತು ಕೇಳಿಸದವರಂತೆ ಸೀಟಿ ಒರೆಸತೊಡಗಿದರು. ಪಾಪ, ಅವರಾದರೂ ಏನು ಮಾಡಬೇಕು.

ಗುರಿಯಲ್ಲಿ ಕಟ್ಟುವ ದಾರದ ಒಂದು ತುದಿ ಹಿಡಿಯುವ ಕೆಲಸ ಮುನ್ನಿಗೆ ಸಿಕ್ಕಿತ್ತು. ಸೀಟಿ ಊದಿದ್ದೇ ತಡ, ಎಂಟು ಜನ ಧೂಳೆಬ್ಬಿಸಿಕೊಂಡು ಬಂದರು. ಯಾರ ಹೆಸರು ಕೂಗುವುದು ಎಂದು ತಿಳಿಯದೆ ಮುನ್ನಿ ಬಾಯಿ ಮುಚ್ಚಿಕೊಂಡು ಕಣ್ಣು ಮಾತ್ರ ಬಿಟ್ಟಳು. ದಾರ ಮೊದಲು ತಗುಲಿದ್ದು ಸುಮಂಗಲಾಳ ಎದೆಗೆ. ಆಮೇಲೆ ಜಾಸ್ಮೀನ. ಅವಳ ಹಿಂದೆ ಸುನಿತಾ.

“ಫಸ್ಟ್, ಜಾಸ್ಮೀನ,” ಎಂದಿತು ಮೈಕು. ಚಪ್ಪಾಳೆ ಬಿತ್ತು. ಕಪ್ಪು ಕೈಗೆ ಬಂದಾಗ ಹಿಂದಿನಿಂದ ಯಾರೋ, “ಸೆಕೆಂಡ್ ಬಂದಾಕಿಗೆ ಫಸ್ಟ್ ಕಪ್ಪು,” ಎಂದು ನಕ್ಕರು. ಜಾಸ್ಮೀನಳಿಗೆ ಅದು ಕೇಳಿಸಿತು. ಅವಳ ಮುಖ ಸಣ್ಣದಾಯಿತು.

ಬೇರೆ ಹಾಳೆಯನ್ನು ಮಾಸ್ತರು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ಸುಮಂಗಲಾ ಆ ಜೇಬನ್ನೇ ಒಂದು ಗಳಿಗೆ ನೋಡಿ, ಮನೆಯ ದಾರಿ ಹಿಡಿದಳು. ಮುನ್ನಿಗೆ ಇಬ್ಬರನ್ನೂ ಕಂಡು ಅಳು ಬಂತು.

ಮನೆಯಲ್ಲಿ ಜಾಸ್ಮೀನ ಕಪ್ಪನ್ನು ಕಪಾಟಿನ ಮೇಲೆ ಇಡಲಿಲ್ಲ. ನೆಲದ ಮೇಲೆ ಇಟ್ಟು ಅದರ ಪಕ್ಕ ಕುಳಿತಳು.

“ಮುನ್ನಿ, ನೀ ದಾರದ ಹತ್ರ ಇದ್ದಿ. ಅಕಿ ನನಗಿಂತ ಎಷ್ಟು ಮುಂದಿದ್ಲು?”

ಮುನ್ನಿ ಎರಡೂ ಕೈ ಅಗಲಿಸಿದಳು. ಅಕ್ಕನ ಕಣ್ಣು ನೋಡಿ ಕೈಗಳನ್ನು ಸ್ವಲ್ಪ ಹತ್ತಿರ ತರೋಣ ಅನಿಸಿತು. ಒಂದು ಗೇಣು ಕಡಿಮೆ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಅವಳು ಕಂಡದ್ದು ಇಷ್ಟೇ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ.

“ಇಷ್ಟು,” ಎಂದಳು.

“ಖರೇನ?”

“ಖರೇನ, ಆಪಾ.”

ಜಾಸ್ಮೀನ ಆ ಅಂತರವನ್ನು ಬಹಳ ಹೊತ್ತು ನೋಡಿದಳು. “ಇದರಾಗ ಓಡಿದ್ದು ಎಷ್ಟು, ಬೆಳದದ್ದು ಎಷ್ಟು, ಯಾರಿಗೆ ಗೊತ್ತು,” ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಮರುದಿನ ಗ್ಯಾಂಗು ಕಳೆ ಕೀಳಲು ಹೋಗಿತ್ತು. ಅಮ್ಮಿಗೆ ಬುತ್ತಿ ಕೊಟ್ಟು ಮುನ್ನಿ ಬದುವಿನ ಮೇಲೆ ಹೊರಟಾಗ, ಸುಮಂಗಲಾ ಕೈಯ ಕೆಸರು ತೊಳೆದುಕೊಂಡು ಹಿಂದೆಯೇ ಬಂದಳು.

“ಮುನ್ನಿ, ಒಂದ ಮಾತು ಕೇಳ್ತೀನಿ, ಖರೇ ಹೇಳು. ಜಾಸ್ಮೀನ ನನ್ನಿಂದ ಎಷ್ಟು ಹಿಂದಿದ್ಲು?”

ಮುನ್ನಿ ಬೆರಗಾಗಿ ಅವಳ ಮುಖ ನೋಡಿದಳು. ಕಪ್ಪಿನ ಬಗ್ಗೆ ಆಪಾನೂ ಕೇಳಿರಲಿಲ್ಲ. ಹಾಳೆಯ ಬಗ್ಗೆ ಇವಳೂ ಕೇಳುತ್ತಿಲ್ಲ. ಇಬ್ಬರೂ ಕೇಳಿದ್ದು ಆ ಅಂತರವನ್ನೇ.

ಅವಳು ಬುತ್ತಿಯ ಖಾಲಿ ಚೀಲವನ್ನು ಬದುವಿನ ಮೇಲೆ ಇಟ್ಟು ಎರಡೂ ಕೈ ಅಗಲಿಸಿದಳು. ನಿನ್ನೆಯಷ್ಟೇ, ಒಂದು ಬೆರಳೂ ಆಚೀಚೆ ಆಗದಂತೆ.

“ಇನ್ನೊಂದೀಟು ಹೊತ್ತು ಹಂಗ ಹಿಡಿ,” ಎಂದಳು ಸುಮಂಗಲಾ.

ಕೈ ಸೋಲುತ್ತಿದ್ದವು. ಮುನ್ನಿ ಇಳಿಸಲಿಲ್ಲ.